ರೋಗ ಕಳೆದ ಮೇಲೆ ಉಳಿಯುವ ಕರ್ತವ್ಯ

ದಶಲಕ್ಷಣ ಪರ್ವದಲ್ಲಿ ಹತ್ತು ದಿನಗಳ ಉಪವಾಸವನ್ನು ಪೂರೈಸಿದವರ ಮನೆಯಲ್ಲಿ ಹನ್ನೊಂದನೆಯ ದಿನದ ಬೆಳಗು ಅತ್ಯಂತ ಎಚ್ಚರಿಕೆಯ ಬೆಳಗಾಗಿರುತ್ತದೆ. ಪಾರಣೆಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂಬುದನ್ನು ಹಿರಿಯರು ಮೊದಲೇ ನಿಶ್ಚಯಿಸಿರುತ್ತಾರೆ. ಹೆಸರುಬೇಳೆಯ ಕಟ್ಟು, ತೆಳುವಾದ ಗಂಜಿ, ಅನಂತರ ಮೃದುವಾದ ಅನ್ನ, ಹೀಗೆ ದೇಹವನ್ನು ಮೆಲ್ಲಮೆಲ್ಲನೆ ಆಹಾರಕ್ಕೆ ಮರಳಿಸುವ ಕ್ರಮವೊಂದುಂಟು. ಉಪವಾಸ ಮುಗಿಯಿತೆಂದು ಅಂದೇ ಹಬ್ಬದೂಟ ಬಡಿಸಹೊರಟವರನ್ನು ತಿಳಿದವರು ತಡೆಯುತ್ತಾರೆ. ವ್ರತದ ಕೊನೆಯ ಗಳಿಗೆಯೊಡನೆ ವ್ರತಿಯ ಬಗೆಗಿನ ಕಾಳಜಿ ಮುಗಿಯುವುದಿಲ್ಲವೆಂಬ ಈ ವಿವೇಕ ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದದ್ದು.

ಇದೇ ವಿವೇಕ ಮತ್ತೊಂದು ಸಂದರ್ಭದಲ್ಲಿ ಮರೆತುಹೋಗುವುದುಂಟು. ಬಾಲ್ಯದಲ್ಲಿ ಕ್ಯಾನ್ಸರ್ ರೋಗಕ್ಕೆ ತುತ್ತಾಗಿ, ಕಠಿನವಾದ ಚಿಕಿತ್ಸೆಯನ್ನು ಸಹಿಸಿ, ಗುಣಹೊಂದಿ, ಈಗ ಯೌವನಕ್ಕೆ ಕಾಲಿಟ್ಟಿರುವವರ ವಿಷಯವದು. ಚಿಕಿತ್ಸೆ ಮುಗಿದ ದಿನ ಮನೆಯವರು ದೇವರಿಗೆ ಕೈಮುಗಿದು, ಆಸ್ಪತ್ರೆಯ ಕಾಗದಪತ್ರಗಳನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ, ಆ ಮಾತನ್ನೇ ಎತ್ತಬಾರದೆಂದು ತಮ್ಮತಮ್ಮಲ್ಲಿ ನಿಯಮ ಮಾಡಿಕೊಳ್ಳುತ್ತಾರೆ. ಪ್ರೀತಿಯಿಂದ ಹುಟ್ಟಿದ ಈ ಮೌನ ಅಹಿಂಸೆಯ ರೂಪವೋ, ಪ್ರಮಾದದ ರೂಪವೋ ಎಂಬುದು ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಪ್ರಶ್ನೆ ಸ್ಪಷ್ಟವಾಗುವುದಕ್ಕೆ ಬೆಳಗಾವಿ ಸೀಮೆಯ ಒಂದು ಒಕ್ಕಲುತನದ ಮನೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಆ ಮನೆಯ ಮಗಳಿಗೆ ಐದನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ತಂದೆತಾಯಿಗಳು ಎರಡೂವರೆ ವರ್ಷ ಮುಂಬಯಿಗೂ ಊರಿಗೂ ಅಲೆದರು. ಎರಡು ಎಕರೆ ಕಬ್ಬಿನ ಹೊಲವನ್ನು ಮಾರಿದರು. ಮಗು ಬದುಕಿತು. ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂದು ವೈದ್ಯರು ಹೇಳಿ ಕಳುಹಿಸಿದರು. ಮೂರು ನಾಲ್ಕು ವರ್ಷ ಹೋಗಿಬಂದರು. ಹುಡುಗಿ ಓಡಾಡಿಕೊಂಡಿದ್ದಾಳೆ, ಇನ್ನೇಕೆ ಎಂದು ಆಮೇಲೆ ಬಿಟ್ಟರು. ಚಿಕ್ಕಂದಿನಲ್ಲಿ ತನಗೇನಾಗಿತ್ತೆಂದು ಮಗಳು ಕೇಳಿದಾಗಲೆಲ್ಲ ‘ಕಾಮಾಲೆ ಆಗಿತ್ತು’ ಎಂಬ ಉತ್ತರ ಸಿದ್ಧವಾಗಿತ್ತು. ಈಗ ಅವಳಿಗೆ ಇಪ್ಪತ್ತೆರಡು ವರ್ಷ. ಈ ಭಾದ್ರಪದದಲ್ಲಿ ಹತ್ತು ದಿನ ಉಪವಾಸ ಮಾಡುವೆನೆಂದು ಮನಸ್ಸು ಮಾಡಿದ್ದಾಳೆ. ಪರ್ವ ಮುಗಿದ ಮೇಲೆ ಹೆಣ್ಣು ನೋಡಲು ಒಳ್ಳೆಯ ಮನೆತನದವರು ಬರುವವರಿದ್ದಾರೆ. ಅಜ್ಜಿಗೆ ಎಲ್ಲಿಲ್ಲದ ಸಂತೋಷ. ತಾಯಿ ಮಾತ್ರ ಬೇಡವೆನ್ನಲೂ ಆರಳು, ಆಗಲೆನ್ನಲೂ ಆರಳು. ‘ಹುಡುಗಿಗೆ ಧರ್ಮದ ಬುದ್ಧಿ ಬಂದೈತಿ, ನೀ ಯಾಕವ್ವಾ ಅಡ್ಡ ಬರ್ತಿ?’ ಎಂಬ ಅತ್ತೆಯ ಮಾತಿಗೆ ಅವಳಲ್ಲಿ ಉತ್ತರವಿಲ್ಲ. ಉತ್ತರ ಪೆಟ್ಟಿಗೆಯ ತಳದಲ್ಲಿದೆ.

ತಾಯಿಯ ಈ ಅಂಜಿಕೆಗೆ ಆಧಾರವುಂಟೇ? ಉಂಟೆಂಬುದನ್ನು ಕಳೆದ ಐವತ್ತು ವರ್ಷಗಳ ವೈದ್ಯಕೀಯ ಅನುಭವ ತೋರಿಸಿಕೊಟ್ಟಿದೆ.

ಮಕ್ಕಳ ರಕ್ತ ಕ್ಯಾನ್ಸರ್ ಒಂದು ಕಾಲದಲ್ಲಿ ಕೆಲವೇ ವಾರಗಳಲ್ಲಿ, ತಿಂಗಳುಗಳಲ್ಲಿ ಮೃತ್ಯುವನ್ನು ತರುವ ರೋಗವಾಗಿತ್ತು. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ಪ್ರಕಟಿಸಿದರು. 1962ರಲ್ಲಿ ಅದೇ ದೇಶದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಪ್ರಾರಂಭವಾಯಿತು. ಅದರ ಮೊದಲ ನಿರ್ದೇಶಕರಾದ ಡೊನಾಲ್ಡ್ ಪಿಂಕೆಲ್ ಅವರು ಹಲವು ಔಷಧಗಳನ್ನು ಒಟ್ಟುಗೂಡಿಸಿ, ಮಿದುಳಿಗೆ ವಿಕಿರಣ ಚಿಕಿತ್ಸೆಯನ್ನೂ ಸೇರಿಸಿ, ರೋಗವನ್ನು ಬುಡಸಹಿತ ಕೀಳುವ ಪ್ರಯತ್ನ ಕೈಗೊಂಡರು. 1960ರ ದಶಕ ಮುಗಿಯುವ ಹೊತ್ತಿಗೆ ಆ ಕ್ರಮದಿಂದ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗುವಂತಾಯಿತು. ಇಂದು ಶ್ರೀಮಂತ ರಾಷ್ಟ್ರಗಳಲ್ಲಿ ಎಲ್ಲ ಬಗೆಯ ಬಾಲ್ಯದ ಕ್ಯಾನ್ಸರುಗಳನ್ನೂ ಸೇರಿಸಿ ನೂರರಲ್ಲಿ 80ಕ್ಕಿಂತ ಹೆಚ್ಚು ಮಕ್ಕಳು ಗುಣಹೊಂದುತ್ತಿದ್ದಾರೆ. ಬಡ ರಾಷ್ಟ್ರಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ. 2030ರ ವೇಳೆಗೆ ಜಗತ್ತಿನಾದ್ಯಂತ ಕಡೆಯಪಕ್ಷ 60ರಷ್ಟಾದರೂ ಮಕ್ಕಳು ಬದುಕುವಂತಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿಯನ್ನಿಟ್ಟುಕೊಂಡಿದೆ.

ಮಕ್ಕಳು ಬದುಕತೊಡಗಿದ ಮೇಲೆಯೇ ಹೊಸ ಪ್ರಶ್ನೆ ಎದ್ದಿತು. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ತಮ್ಮ ಆಯುಷ್ಯವನ್ನು ಮುಡಿಪಾಗಿಟ್ಟ ಜೂಲಿಯೊ ಡಿಆಂಜಿಯೊ ಎಂಬ ವೈದ್ಯರು, ರೋಗವನ್ನು ಗುಣಪಡಿಸಿದರಷ್ಟೇ ಸಾಲದು ಎಂಬ ಅರ್ಥದ ತಲೆಬರಹವಿರಿಸಿ 1975ರಲ್ಲಿಯೇ ಒಂದು ಲೇಖನ ಬರೆದರು. ಆ ಕಾಲಕ್ಕೆ ಅದು ಮುಂಗಾಣ್ಕೆಯ ಮಾತು. ರೋಗವನ್ನು ಕೊಂದ ಔಷಧ ಮಗುವಿನ ಬೆಳೆಯುವ ದೇಹದ ಮೇಲೂ ತನ್ನ ಗುರುತನ್ನು ಬಿಟ್ಟುಹೋಗಿರುತ್ತದೆ. ಆ ಗುರುತು ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ಕಾಣಿಸಿಕೊಳ್ಳಬಹುದು.

ಇದರ ಕಾರಣ ಕಠಿನವಾದುದಲ್ಲ. ಕ್ಯಾನ್ಸರಿನ ಔಷಧಗಳು ಬಹುಮಟ್ಟಿಗೆ ಬೇಗ ಬೇಗ ವೃದ್ಧಿಯಾಗುವ ಜೀವಕೋಶಗಳನ್ನು ನಾಶಮಾಡುತ್ತವೆ. ಬೆಳೆಯುವ ಮಗುವಿನಲ್ಲಿ ಎಲುಬು, ಮಿದುಳು, ಗ್ರಂಥಿಗಳು ಎಲ್ಲವೂ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಪೆಟ್ಟು ಅವುಗಳಿಗೂ ತಗಲುತ್ತದೆ. ಡಾಕ್ಸೋರುಬಿಸಿನ್, ಡಾನೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧಗಳು ಅಸಂಖ್ಯ ಮಕ್ಕಳ ಪ್ರಾಣವನ್ನುಳಿಸಿವೆ. ಅವೇ ಔಷಧಗಳು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲವು. ಹೃದಯದ ಸ್ನಾಯುಕೋಶಗಳು ಒಮ್ಮೆ ನಷ್ಟವಾದರೆ ಚರ್ಮದ ಕೋಶಗಳಂತೆ ಮತ್ತೆ ಹುಟ್ಟಿಕೊಳ್ಳುವುದಿಲ್ಲ. ಉಳಿದ ಕೋಶಗಳೇ ಚಿಕ್ಕ ದೇಹಕ್ಕೆ ರಕ್ತವನ್ನು ಒದಗಿಸುತ್ತಿರುತ್ತವೆ. ದೇಹ ಬೆಳೆದಾಗ, ಹೆಣ್ಣುಮಕ್ಕಳು ಗರ್ಭಿಣಿಯಾದಾಗ, ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ಆ ಭಾರವನ್ನು ಹೊರಲಾರದೆ ಹೃದಯ ಸೋಲಬಹುದು. ಬಾಲ್ಯದ ರಕ್ತ ಕ್ಯಾನ್ಸರಿಗೆ ಡಾಕ್ಸೋರುಬಿಸಿನ್ ಪಡೆದ 115 ಮಂದಿಯನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 57ರಷ್ಟು ಮಂದಿಯ ಹೃದಯದ ಕಾರ್ಯದಲ್ಲಿ ವ್ಯತ್ಯಾಸ ಕಂಡುಬಂದಿತ್ತು.

ಉಳಿದ ಚಿಕಿತ್ಸೆಗಳಿಗೂ ತಮ್ಮತಮ್ಮ ಗುರುತುಗಳುಂಟು. ಸಣ್ಣ ವಯಸ್ಸಿನಲ್ಲಿ ಮಿದುಳಿಗೆ ವಿಕಿರಣ ಪಡೆದವರಲ್ಲಿ ಕಲಿಕೆ ನಿಧಾನವಾಗಬಹುದು. ಪಿಟ್ಯುಟರಿ ಗ್ರಂಥಿಯ ರಸಗಳು ಕಡಿಮೆಯಾಗಿ ಬೆಳವಣಿಗೆ ಕುಂಠಿತವಾಗಬಹುದು. ಕತ್ತಿಗೆ ವಿಕಿರಣ ತಗಲಿದ್ದರೆ ಥೈರಾಯ್ಡ್ ಗ್ರಂಥಿಗೆ ತೊಂದರೆ. ಸಿಸ್‌ಪ್ಲಾಟಿನ್ ಎಂಬ ಔಷಧ ಕಿವಿಯನ್ನೂ ಮೂತ್ರಪಿಂಡವನ್ನೂ ಬಾಧಿಸಬಲ್ಲದು. ಮೂತ್ರಪಿಂಡದ ಗಡ್ಡೆಗಾಗಿ ಒಂದು ಮೂತ್ರಪಿಂಡವನ್ನು ತೆಗೆದ ಮಕ್ಕಳು ಆಯುಷ್ಯವಿಡೀ ಇನ್ನೊಂದನ್ನೇ ನೆಚ್ಚಿ ಬದುಕಬೇಕು. ಕೆಲವು ಔಷಧಗಳಿಂದ ಸಂತಾನಶಕ್ತಿ ಕುಂದುವುದುಂಟು. ಎದೆಗೆ ವಿಕಿರಣ ಪಡೆದ ಬಾಲಕಿಯರಿಗೆ ಮುಂದೆ ಸ್ತನದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹೆಚ್ಚು.

ಇವೆಲ್ಲವನ್ನೂ ಕ್ರಮವಾಗಿ ಅರಿಯುವುದಕ್ಕಾಗಿ ಅಮೆರಿಕ ಮತ್ತು ಕೆನಡಾ ದೇಶಗಳ ಆಸ್ಪತ್ರೆಗಳು ಕೂಡಿ 1994ರಲ್ಲಿ ಒಂದು ದೀರ್ಘ ಅಧ್ಯಯನವನ್ನು ಪ್ರಾರಂಭಿಸಿದವು. 1970ರಿಂದ 1986ರವರೆಗೆ ಬಾಲ್ಯದಲ್ಲಿ ಕ್ಯಾನ್ಸರ್ ಕಂಡುಬಂದು ಐದು ವರ್ಷ ದಾಟಿ ಬದುಕಿದವರನ್ನು ಅದರಲ್ಲಿ ಸೇರಿಸಿಕೊಂಡರು. ಅವರಲ್ಲಿ ವಯಸ್ಕರಾಗಿದ್ದ 10,397 ಮಂದಿಯ ಆರೋಗ್ಯಸ್ಥಿತಿ 2006ರಲ್ಲಿ ಪ್ರಕಟವಾದಾಗ, ನೂರಕ್ಕೆ 62ರಷ್ಟು ಮಂದಿಗೆ ಯಾವುದಾದರೊಂದು ದೀರ್ಘಕಾಲದ ತೊಂದರೆ ಇದ್ದುದು ತಿಳಿಯಿತು. ನೂರಕ್ಕೆ 27ಕ್ಕೂ ಹೆಚ್ಚು ಮಂದಿಯ ತೊಂದರೆ ತೀವ್ರಸ್ವರೂಪದ್ದಾಗಿತ್ತು. ಈ ಸಂಖ್ಯೆಗಳನ್ನು ಕಂಡು ಎದೆಗುಂದಬೇಕಾಗಿಲ್ಲ. ಅವರೆಲ್ಲ ಹಳೆಯ ಕಾಲದ ಉಗ್ರ ಚಿಕಿತ್ಸೆ ಪಡೆದವರು. ಅವರನ್ನು ಗಮನಿಸಿದುದರಿಂದಲೇ ವೈದ್ಯರು ಅನಂತರದ ಮಕ್ಕಳಿಗೆ ವಿಕಿರಣವನ್ನು ಕಡಿಮೆ ಮಾಡಿದರು. ಔಷಧದ ಒಟ್ಟು ಪ್ರಮಾಣಕ್ಕೆ ಮಿತಿಯನ್ನು ಹಾಕಿದರು. ಮೆಂಫಿಸ್‌ನ ಅದೇ ಆಸ್ಪತ್ರೆ 2000ದಿಂದ 2007ರವರೆಗೆ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಮುನ್ನೆಚ್ಚರಿಕೆಯ ಮಿದುಳಿನ ವಿಕಿರಣವನ್ನು ಪೂರ್ತಿಯಾಗಿ ಕೈಬಿಟ್ಟು ಚಿಕಿತ್ಸೆ ನಡೆಸಿತು. ಐದು ವರ್ಷಗಳ ಮೇಲೆ ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. ಹಿಂದೆ ಗುಣವಾದವರು ವರ್ಷವರ್ಷವೂ ಬಂದು ತಮ್ಮ ದೇಹವನ್ನು ಪರೀಕ್ಷೆಗೆ ಒಪ್ಪಿಸಿದ್ದರಿಂದ ಮುಂದೆ ಬಂದ ಅಪರಿಚಿತ ಮಕ್ಕಳ ನೋವು ಕಡಿಮೆಯಾಯಿತು. ಜೀವಿಗಳು ಪರಸ್ಪರ ಉಪಕಾರಿಗಳೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಗುಣವಾದವರ ದೀರ್ಘಕಾಲದ ಆರೈಕೆಯೆಂದರೆ ಅತಿಯಾದ ಖರ್ಚಿನ ಚಿಕಿತ್ಸೆಯೆಂದು ಭಾವಿಸಬೇಕಾಗಿಲ್ಲ. ಅದರ ಮೊದಲ ಅಂಗ ಒಂದು ಹಾಳೆಯ ಬರಹ: ಯಾವ ರೋಗ, ಯಾವ ವಯಸ್ಸಿನಲ್ಲಿ, ಯಾವ ಔಷಧ ಒಟ್ಟು ಎಷ್ಟು, ವಿಕಿರಣ ಕೊಟ್ಟಿದ್ದರೆ ದೇಹದ ಯಾವ ಭಾಗಕ್ಕೆ ಎಷ್ಟು, ಯಾವ ಶಸ್ತ್ರಚಿಕಿತ್ಸೆ. ಎರಡನೆಯದು ಆ ಹಾಳೆಯನ್ನಾಧರಿಸಿದ ಪರೀಕ್ಷೆಗಳು. ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯರ ಒಕ್ಕೂಟ 2003ರಲ್ಲಿ ಇದಕ್ಕಾಗಿ ಮಾರ್ಗಸೂಚಿಗಳನ್ನು ಹೊರತಂದು, ಮುಂದೆಯೂ ತಿದ್ದುತ್ತ ಬಂದಿದೆ. ಹೃದಯಕ್ಕೆ ಹೆಚ್ಚಿನ ಅಪಾಯವಿರುವವರಿಗೆ ಎರಡು ವರ್ಷಕ್ಕೊಮ್ಮೆ, ಮಧ್ಯಮ ಅಪಾಯವಿರುವವರಿಗೆ ಐದು ವರ್ಷಕ್ಕೊಮ್ಮೆ ಎಕೋ ಪರೀಕ್ಷೆ. ಎದೆಗೆ ವಿಕಿರಣ ಪಡೆದ ಹೆಣ್ಣುಮಕ್ಕಳಿಗೆ 25ನೆಯ ವಯಸ್ಸಿನಿಂದ, ಇಲ್ಲವೇ ವಿಕಿರಣವಾಗಿ 8 ವರ್ಷ ಕಳೆದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಅಂದಿನಿಂದ ವರ್ಷವರ್ಷವೂ ಸ್ತನಪರೀಕ್ಷೆ. ಉಳಿದವರಿಗೆ ರಕ್ತದೊತ್ತಡ, ರಕ್ತಪರೀಕ್ಷೆ, ಬೆಳವಣಿಗೆಯ ಅಳತೆ ಇಂಥ ಸಾಮಾನ್ಯ ಸಂಗತಿಗಳು. ವರ್ಷದಲ್ಲಿ ಒಂದು ದಿನದ ಎಚ್ಚರ. ಉಳಿದ ದಿನಗಳೆಲ್ಲ ಎಲ್ಲರಂತೆ ಬದುಕುವುದು.

ಭಾರತದಲ್ಲಿಯೂ ಈ ಕಾರ್ಯ ಬಹು ಹಿಂದೆಯೇ ಪ್ರಾರಂಭವಾಗಿದೆ. ಮುಂಬಯಿಯ ಪರೇಲದಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ ಪ್ರತ್ಯೇಕವಾದ ಚಿಕಿತ್ಸಾಲಯವೊಂದನ್ನು ಡಾ. ಪೂರ್ಣಾ ಕುರ್ಕುರೆ ಅವರ ನೇತೃತ್ವದಲ್ಲಿ 1991ರಲ್ಲಿ ತೆರೆಯಲಾಯಿತು. ಅಂದಿನ ಬಾಲಕರು ಇಂದು ಮಕ್ಕಳೊಂದಿಗರಾಗಿದ್ದಾರೆ. ಬಾಲ್ಯದಲ್ಲಿ ಕ್ಯಾನ್ಸರನ್ನು ಗೆದ್ದವರು ‘ಉಗಮ್’ ಎಂಬ ಹೆಸರಿನಲ್ಲಿ ತಮ್ಮದೇ ಬಳಗವನ್ನು 2009ರಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ಕಟ್ಟಿಕೊಂಡಿದ್ದಾರೆ. ಹೊಸದಾಗಿ ರೋಗಕ್ಕೆ ತುತ್ತಾದ ಮಕ್ಕಳ ತಂದೆತಾಯಿಗಳಿಗೆ ತಮ್ಮ ಬದುಕನ್ನೇ ಸಾಕ್ಷಿಯಾಗಿ ತೋರಿಸಿ ಧೈರ್ಯ ಹೇಳುತ್ತಾರೆ.

ಆದರೆ ವ್ಯವಸ್ಥೆ ಎಷ್ಟೇ ಇದ್ದರೂ, ತನಗೇನಾಗಿತ್ತೆಂದು ತಿಳಿಯದವನು ಅದರ ಬಾಗಿಲಿಗೆ ಬರುವುದು ಹೇಗೆ? ಮೇಲೆ ಹೇಳಿದ ದೀರ್ಘ ಅಧ್ಯಯನದಲ್ಲಿದ್ದ 635 ಮಂದಿಯನ್ನು ಅವರ ಪೂರ್ವದ ರೋಗದ ಬಗೆಗೆ ಪ್ರಶ್ನಿಸಿ, ಉತ್ತರಗಳನ್ನು 2002ರಲ್ಲಿ ಪ್ರಕಟಿಸಿದರು. ಆ ಚಿಕಿತ್ಸೆಯಿಂದ ಮುಂದೆ ಗಂಭೀರವಾದ ತೊಂದರೆಗಳು ಬರಬಹುದೆಂಬುದನ್ನು ಅರಿತಿದ್ದವರು ನೂರಕ್ಕೆ 35 ಮಂದಿ ಮಾತ್ರ. ತಮ್ಮ ರೋಗ ಮತ್ತು ಚಿಕಿತ್ಸೆಯ ವಿವರವನ್ನು ಬರಹದಲ್ಲಿ ಪಡೆದಿದ್ದವರು ನೂರಕ್ಕೆ 15 ಮಂದಿ. ಅಕ್ಷರಸ್ಥರ, ಶ್ರೀಮಂತರ ನಾಡಿನ ಸ್ಥಿತಿಯೇ ಹೀಗಿರುವಾಗ, ‘ಕಾಮಾಲೆ ಆಗಿತ್ತು’ ಎಂದು ಕೇಳಿ ಬೆಳೆದ ಹುಡುಗಿಯ ಸ್ಥಿತಿಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಮೌನದ ಪರವಾಗಿರುವ ವಾದಗಳನ್ನು ನ್ಯಾಯವಾಗಿ ಪರಿಶೀಲಿಸಬೇಕು. ಅವು ತಿರಸ್ಕಾರಕ್ಕೆ ಯೋಗ್ಯವಾದ ವಾದಗಳಲ್ಲ.

ಮೊದಲನೆಯ ವಾದ ಧರ್ಮಶಾಸ್ತ್ರದ ಆಧಾರವನ್ನೇ ಹಿಡಿದುಬರುತ್ತದೆ. ಸ್ಥೂಲವಾದ ಅಸತ್ಯವನ್ನು ಆಡದಿರುವುದು, ಆಡಿಸದಿರುವುದು ಮಾತ್ರವಲ್ಲದೆ, ಪರರಿಗೆ ವಿಪತ್ತನ್ನು ತರುವಂಥ ಸತ್ಯವನ್ನೂ ನುಡಿಯದಿರುವುದು ಸತ್ಯಾಣುವ್ರತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಸುಖವಾಗಿ ನಗುತ್ತಿರುವ ಹುಡುಗಿಗೆ ‘ನಿನಗೆ ಕ್ಯಾನ್ಸರ್ ಆಗಿತ್ತು’ ಎಂದು ಹೇಳಿ ಅವಳ ನಿದ್ರೆ ಕೆಡಿಸುವುದು ವಿಪತ್ತನ್ನು ತರುವ ಸತ್ಯವಲ್ಲವೇ ಎಂದು ತಾಯಿ ಕೇಳಬಹುದು.

ಇಲ್ಲಿ ವಿಪತ್ತು ಯಾವುದರಿಂದ ಬರುತ್ತದೆಂಬುದನ್ನು ವಿವೇಚಿಸಬೇಕು. ಅಡಗಿಕೊಂಡ ನಿರಪರಾಧಿಯ ಇರವನ್ನು ಕೊಲೆಗಾರನಿಗೆ ತಿಳಿಸುವ ಸತ್ಯದಿಂದ ವಿಪತ್ತು ಹುಟ್ಟುತ್ತದೆ. ಮೌನದಿಂದ ಪ್ರಾಣ ಉಳಿಯುತ್ತದೆ. ಇಲ್ಲಿ ಸ್ಥಿತಿ ತಿರುಗಿದೆ. ಮಾತಿನಿಂದ ಹುಟ್ಟುವುದು ದುಃಖ. ಅದು ಸಮಾಧಾನದ ಮಾತಿನಿಂದ, ಕಾಲದಿಂದ ಕಡಿಮೆಯಾಗುವಂಥದು. ಮೌನದಿಂದ ಹುಟ್ಟುವುದು ಅಜ್ಞಾನ. ಹೆರಿಗೆಯ ದಿನ ಅಪರಿಚಿತ ವೈದ್ಯರೆದುರು ಉಸಿರು ಸಿಕ್ಕಿಕೊಂಡಾಗ ಆ ಅಜ್ಞಾನವನ್ನು ಸರಿಪಡಿಸಲು ವೇಳೆ ಇರುವುದಿಲ್ಲ. ಪ್ರಾಣಘಾತದ ಮೂಲ ಪ್ರಮಾದದಲ್ಲಿದೆಯೆಂದು ಆಚಾರ್ಯರು ಹೇಳುವಾಗ ಅವರು ಕತ್ತಿ ಹಿಡಿದವನನ್ನು ಮಾತ್ರ ಕುರಿತು ಹೇಳಿದುದಲ್ಲ. ನೀರನ್ನು ಸೋಸದೆ ಕುಡಿಯುವವನಿಗೆ ಜೀವಿಗಳ ಮೇಲೆ ದ್ವೇಷವಿಲ್ಲ, ಅವನಲ್ಲಿರುವುದು ಅಜಾಗರೂಕತೆ. ಬಲ್ಲವನ ಮೌನವೂ ಅಂಥದೇ ಆಗಬಹುದು. ಸಾಲದುದಕ್ಕೆ ಆ ಮನೆಯಲ್ಲಿ ಮೌನ ಬರಿಯ ಮೌನವಾಗಿ ಉಳಿದಿಲ್ಲ. ಇಲ್ಲದ ಕಾಮಾಲೆಯೊಂದನ್ನು ಸೃಷ್ಟಿಸಿದೆ. ಹೇಳದಿರುವುದು ಹುಸಿ ಹೇಳುವುದರಲ್ಲಿ ಕೊನೆಗೊಂಡಿದೆ.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆಯಬೇಕೆಂದಲ್ಲ. ಆರು ವರ್ಷದ ಮಗುವಿಗೆ ‘ನಿನ್ನ ರಕ್ತ ಕೆಟ್ಟಿತ್ತು, ಔಷಧದಿಂದ ಸರಿಹೋಯಿತು’ ಎಂದರೆ ಸಾಕು. ಹನ್ನೆರಡನೆಯ ವಯಸ್ಸಿಗೆ ರೋಗದ ಹೆಸರನ್ನು ತಿಳಿಸಬಹುದು. ಹದಿನಾರು ಹದಿನೇಳಕ್ಕೆ ವೈದ್ಯರ ಎದುರಿನಲ್ಲಿ ತಾನೇ ಪ್ರಶ್ನೆ ಕೇಳುವಂತಾಗಬೇಕು. ಹದಿನೆಂಟು ತುಂಬುವ ಹೊತ್ತಿಗೆ ಕಾಗದಗಳು ಅವರ ಕೈಯಲ್ಲಿರಬೇಕು. ಹೀಗೆ ಅಷ್ಟಷ್ಟಾಗಿ ತಿಳಿದು ಬೆಳೆದವರಿಗೆ ಆ ವಿಷಯ ಸಿಡಿಲಾಗಿ ಎರಗುವುದಿಲ್ಲ. ಇಪ್ಪತ್ತೆರಡರಲ್ಲಿ ಒಮ್ಮೆಲೇ ತಿಳಿದವರಿಗೆ ರೋಗದ ಭಯಕ್ಕಿಂತ, ಇಷ್ಟು ವರ್ಷ ತನ್ನವರು ತನ್ನಿಂದ ಮರೆಮಾಡಿದರೆಂಬ ನೋವೇ ಹೆಚ್ಚಾಗುವುದುಂಟು.

ಎರಡನೆಯ ವಾದ ವಿವಾಹದ್ದು. ಮನೆಯಲ್ಲಿ ಮಾತಾಡಿದರೆ ಗೋಡೆಗಳಿಗೂ ಕಿವಿಯುಂಟು. ಸುದ್ದಿ ಹರಡಿದರೆ ಹುಡುಗಿಯ ಮದುವೆಯಾಗುವುದೆಂತು ಎಂಬುದು. ಈ ಭಯ ಸುಳ್ಳಲ್ಲ. ಅದಕ್ಕೆ ಕಾರಣ ತಾಯಿಯೂ ಅಲ್ಲ, ಸಮಾಜ. ಕ್ಯಾನ್ಸರ್ ಅಂಟುವ ರೋಗವಲ್ಲ. ಕಣ್ಣಿನ ರೆಟಿನೋಬ್ಲಾಸ್ಟೋಮಾದ ಕೆಲವು ಪ್ರಕರಣಗಳಂತಹ ಅನುವಂಶೀಯ ಬಗೆಗಳನ್ನು ಬಿಟ್ಟರೆ, ಬಾಲ್ಯದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ತಂದೆತಾಯಿಗಳಿಂದ ಮಕ್ಕಳಿಗೆ ಹರಿದುಬರುವಂಥವಲ್ಲ. ಬಾಲ್ಯದಲ್ಲಿ ರೋಗವನ್ನು ಗೆದ್ದ ಹೆಣ್ಣನ್ನು ಕಳಂಕಿತಳೆಂದು ಎಣಿಸುವವರು ತಮ್ಮ ಅಜ್ಞಾನದಿಂದ ಒಂದು ಜೀವಕ್ಕೆ ನೋವನ್ನುಂಟುಮಾಡುತ್ತಾರೆ. ಬಸದಿಯಲ್ಲಿ ದಯಾಧರ್ಮವನ್ನು ಕೇಳಿ ಬಂದು ಮನೆಯಲ್ಲಿ ಜಾತಕದೊಡನೆ ರೋಗದ ಗುಟ್ಟನ್ನೂ ಕೆದಕುವ ಹಿರಿಯರು ಈ ಮೌನದ ಪಾಲುಗಾರರು.

ಯಾರಿಗೆ ಎಷ್ಟು ಹೇಳಬೇಕೆಂಬುದರಲ್ಲಿ ಭೇದವುಂಟು. ಗುಣಹೊಂದಿದವರಿಗೆ ತಮ್ಮ ಬಗೆಗಿನ ಎಲ್ಲವನ್ನೂ ತಿಳಿಯುವ ಹಕ್ಕಿದೆ. ಅದರಲ್ಲಿ ಯಾರೂ ಕಡಿತ ಮಾಡುವಂತಿಲ್ಲ. ನೆರೆಹೊರೆಯವರಿಗೆ, ಬಂಧುಬಳಗಕ್ಕೆ ಏನನ್ನೂ ಹೇಳಬೇಕಾದ ಋಣವಿಲ್ಲ. ಬಾಳಸಂಗಾತಿಯಾಗುವವರಿಗೆ ಹೇಳುವುದು ಯೋಗ್ಯ. ಹೇಳುವ ಮಾತೂ ಹೇಳುವ ಗಳಿಗೆಯೂ ಆ ಹೆಣ್ಣಿನದಾಗಿರಬೇಕು, ಅವಳಿಗೆ ತಿಳಿಯದಂತೆ ಹಿರಿಯರು ನಡೆಸುವ ಒಪ್ಪಂದವಾಗಬಾರದು. ಈ ಸತ್ಯವನ್ನು ಕೇಳಿ ಎದ್ದುಹೋಗುವ ಮನೆತನಕ್ಕೆ ಮಗಳು ಹೋಗದಿರುವುದೇ ಕ್ಷೇಮ. ಎಲ್ಲ ತಾಯಂದಿರೂ ಈ ಮಾತನ್ನು ಸುಲಭವಾಗಿ ಒಪ್ಪಲಾರರು. ಎರಡನೆಯ ಸಂಬಂಧ ಬರುವುದೇ ಎಂದು ರಾತ್ರಿಯೆಲ್ಲ ಎಣಿಸುವ ಹೃದಯಕ್ಕೆ ಅದು ಕಠೋರವಾಗಿಯೇ ಕೇಳಿಸುತ್ತದೆ. ಆದರೂ ಮದುವೆಯ ಅನಂತರ ಮೊದಲ ಗರ್ಭದಲ್ಲಿ ಹೃದಯದ ಪರೀಕ್ಷೆ ಅಗತ್ಯವಾದಾಗ ಅದೇ ಗುಟ್ಟು ಹೊರಬಂದರೆ, ಹುಡುಗಿ ನಿಲ್ಲಬೇಕಾದ ಸ್ಥಳ ಇದಕ್ಕಿಂತಲೂ ಕಠೋರವಾದುದು.

ಮೂರನೆಯ ವಾದ ವಿರಕ್ತರ ಬಾಯಲ್ಲಿ ಬರುತ್ತದೆ. ಅಸಾತಾವೇದನೀಯ ಕರ್ಮದ ಉದಯವಾದಾಗ ಬರುವುದು ಬಂದೇ ತೀರುತ್ತದೆ, ದೇಹ ಪರವಸ್ತು, ವರ್ಷವರ್ಷವೂ ಅದನ್ನು ಯಂತ್ರದ ಮುಂದೆ ನಿಲ್ಲಿಸಿ ಪರೀಕ್ಷಿಸುವುದು ದೇಹಮೋಹವಲ್ಲವೇ ಎಂದು. ಕರ್ಮಸಿದ್ಧಾಂತ ಪುರುಷಾರ್ಥವನ್ನು ಅಲ್ಲಗಳೆಯುವುದಿಲ್ಲ. ಹಾಗೆ ಅಲ್ಲಗಳೆಯುವುದಾದರೆ ಐದು ವರ್ಷದ ಮಗುವನ್ನು ಮುಂಬಯಿಗೆ ಕರೆದೊಯ್ಯುವುದೂ ಅನಾವಶ್ಯಕವಾಗಿತ್ತು. ಅಂದು ಹೊಲ ಮಾರಿ ಪುರುಷಾರ್ಥವನ್ನು ತೋರಿದವರು ಇಂದು ಬಸ್ಸಿನ ಖರ್ಚಿಗೆ ಕರ್ಮವನ್ನು ನೆನೆಯುವುದು ಯುಕ್ತಿಯಲ್ಲ. ರೋಗಿಯ ಸೇವೆಯಾದ ವೈಯಾವೃತ್ಯವನ್ನು ಆಚಾರ್ಯರು ಅಂತರಂಗ ತಪಸ್ಸಿನಲ್ಲಿ ಸೇರಿಸಿದ್ದಾರೆ. ರೋಗ ಕಳೆದವರ ಮೇಲಿನ ಎಚ್ಚರ ಆ ಸೇವೆಯ ಉತ್ತರಾರ್ಧವೇ ಆಗಿದೆ.

ಇನ್ನೊಂದು ಆಕ್ಷೇಪವೂ ಉಂಟು, ಅದನ್ನು ಅಲಕ್ಷಿಸುವಂತಿಲ್ಲ. ಎಚ್ಚರಿಕೆಯೇ ರೋಗವಾಗಬಾರದು. ತಲೆನೋವು ಬಂದರೆ ಕ್ಯಾನ್ಸರೆಂದು, ಕೆಮ್ಮಿದರೆ ಎದೆಯ ರೋಗವೆಂದು ಹೆದರುವ ಬದುಕು ಬದುಕಲ್ಲ. ಆಟಕ್ಕೆ ಬಿಡದೆ, ಓದಲು ದೂರದ ಊರಿಗೆ ಕಳುಹಿಸದೆ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಸಾಕಿದ ಮನೆಗಳೂ ಇವೆ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ನಾಲ್ಕು ಮೊಳದ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ. ಅಂಜಿ ನಿಂತಲ್ಲೇ ನಿಲ್ಲುವುದಿಲ್ಲ, ಕಣ್ಣುಮುಚ್ಚಿ ಓಡುವುದೂ ಇಲ್ಲ. ಗುಣವಾದವರ ಎಚ್ಚರ ಆ ನಡೆಯಂತಿರಬೇಕು.

ಈಗ ಆ ಹುಡುಗಿಯ ಉಪವಾಸದ ಸಂಕಲ್ಪಕ್ಕೆ ಬರಬಹುದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತ್ಯನುಸಾರವಾದ ತಪಸ್ಸೆಂದೇ ಹೇಳಿದೆ. ಶಕ್ತಿಯನ್ನು ಬಚ್ಚಿಟ್ಟು ತಪಸ್ಸಿನಿಂದ ತಪ್ಪಿಸಿಕೊಳ್ಳಬಾರದು. ಶಕ್ತಿಯನ್ನು ಮೀರಿ ಆರ್ತಧ್ಯಾನಕ್ಕೆ ಬೀಳಬಾರದು. ಶಕ್ತ್ಯನುಸಾರವೆಂಬ ಮಾತು ಅರ್ಥವುಳ್ಳದ್ದಾಗಬೇಕಾದರೆ ವ್ರತಿಗೆ ತನ್ನ ಶಕ್ತಿ ಎಷ್ಟೆಂದು ತಿಳಿದಿರಬೇಕು. ತನ್ನ ದೇಹದ ಚರಿತ್ರೆಯನ್ನೇ ತಿಳಿಯದವಳು ಯಾವುದನ್ನು ಅಳತೆಗೋಲಾಗಿ ಹಿಡಿದು ಸಂಕಲ್ಪ ಮಾಡಬೇಕು? ಅವಳ ನಿಯಮ ನಿಷ್ಠೆಯಿಂದ ಕೂಡಿದ್ದರೂ ಜ್ಞಾನದಿಂದ ಕೂಡಿಲ್ಲ. ಆ ಜ್ಞಾನವನ್ನು ಅವಳಿಂದ ದೂರವಿಟ್ಟವರು ಅವಳ ಪ್ರೀತಿಪಾತ್ರರೇ.

ಬಾಲ್ಯದಲ್ಲಿ ಕ್ಯಾನ್ಸರಾದವರು ಉಪವಾಸ ಮಾಡಲೇಬಾರದೆಂದು ಇದರ ಅರ್ಥವಲ್ಲ. ಅವರಲ್ಲಿ ಅನೇಕರಿಗೆ ವೈದ್ಯರ ಅಡ್ಡಿ ಇರಲಾರದು. ಆದರೆ ಒಂದೇ ಮೂತ್ರಪಿಂಡವುಳ್ಳವರಿಗೆ, ಔಷಧದಿಂದ ಮೂತ್ರಪಿಂಡ ಕುಂದಿದವರಿಗೆ ನೀರಿಲ್ಲದ ದೀರ್ಘ ಉಪವಾಸ ಅಪಾಯಕರ. ಹೃದಯ ದುರ್ಬಲವಾದವರಲ್ಲಿ ದೇಹದ ಲವಣಾಂಶ ಏರುಪೇರಾದರೆ ಬಡಿತವೇ ತಪ್ಪಬಹುದು. ಮಿದುಳಿನ ವಿಕಿರಣದಿಂದ ಪಿಟ್ಯುಟರಿ ಗ್ರಂಥಿ ಕುಂದಿ, ನಿತ್ಯ ಮಾತ್ರೆ ನುಂಗಲೇಬೇಕಾದವರು ಒಂದು ದಿನ ಅದನ್ನು ಬಿಟ್ಟರೂ ಪ್ರಾಣಕ್ಕೆ ಬರುವುದುಂಟು. ಇಂಥವರಿಗೆ ಧರ್ಮದ ಬಾಗಿಲು ಮುಚ್ಚಿಲ್ಲ. ವೈದ್ಯರನ್ನೂ ಮುನಿಮಹಾರಾಜರನ್ನೂ ಕೇಳಿಕೊಂಡು ಏಕಾಶನ, ರಸತ್ಯಾಗ, ಅವಮೌದರ್ಯಗಳಲ್ಲಿ ತಮಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು; ಸ್ವಾಧ್ಯಾಯಕ್ಕೆ ಯಾವ ದೇಹವೂ ಅಡ್ಡಿಯಲ್ಲ. ಭಸ್ಮಕವ್ಯಾಧಿಯಿಂದ ಬಳಲಿದ ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ಮೊದಲು ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರೆಂದೂ, ಅವರು ಮುನಿವೇಷವನ್ನು ಬಿಟ್ಟು 알್ಪಕಾಲ ಆಹಾರವನ್ನು ಸೇವಿಸಿ, ಗುಣಹೊಂದಿ ಮತ್ತೆ ದೀಕ್ಷೆಯನ್ನು ತಳೆದರೆಂದೂ ಪರಂಪರೆಯ ಕಥೆ ಹೇಳುತ್ತದೆ. ಅಂದು ಗುರುಗಳು ರೋಗದ ಮಾತನ್ನು ಮರೆಮಾಡಲಿಲ್ಲ. ಶಿಷ್ಯನೂ ಅದನ್ನು ಮುಚ್ಚಿಡಲಿಲ್ಲ.

ಆ ಮನೆಯ ತಾಯಿ ಏನು ಮಾಡಬೇಕು? ಪರ್ವಕ್ಕೆ ಮುನ್ನ ಒಂದು ಸಂಜೆ ಪೆಟ್ಟಿಗೆಯನ್ನು ತೆರೆದು, ಮಗಳನ್ನು ಹತ್ತಿರ ಕೂರಿಸಿಕೊಂಡು, ಹಳದಿಯಾದ ಆ ಕಾಗದಗಳನ್ನು ಅವಳ ಕೈಗೆ ಕೊಡಬೇಕು. ಕಾಮಾಲೆಯ ಮಾತು ಹುಸಿಯೆಂದು ಒಪ್ಪಿಕೊಳ್ಳಬೇಕು. ಮಗಳು ಅತ್ತರೆ ಅಳಲು ಬಿಡಬೇಕು. ಸಿಟ್ಟಾದರೆ ಆ ಸಿಟ್ಟನ್ನು ಸಹಿಸಬೇಕು. ಆ ಎರಡೂವರೆ ವರ್ಷಗಳಲ್ಲಿ ಅವಳು ತೋರಿದ ಧೈರ್ಯವನ್ನೂ ಹೇಳಬೇಕು: ಸೂಜಿಗೆ ಅಳದೆ ಕೈಚಾಚುತ್ತಿದ್ದುದನ್ನು, ಕೂದಲು ಉದುರಿದ ತಲೆಗೆ ಅಜ್ಜಿಯ ಸೆರಗನ್ನು ಸುತ್ತಿಕೊಂಡು ನಗುತ್ತಿದ್ದುದನ್ನು. ಮರೆಮಾಡಿದ ಸಂಗತಿಯಲ್ಲಿ ಭಯವೊಂದೇ ಇಲ್ಲ, ಆ ಮಗುವಿನ ಹಿರಿಮೆಯೂ ಹುದುಗಿದೆ. ಅನಂತರ ತಾಯಿ, ಮಗಳು, ಸಾಧ್ಯವಾದರೆ ಅಜ್ಜಿಯೂ ಕೂಡಿ ವೈದ್ಯರ ಬಳಿಗೆ ಹೋಗಬೇಕು. ಹೃದಯದ ಪರೀಕ್ಷೆ ಆಗಲಿ. ಉಪವಾಸ ಎಷ್ಟು, ಹೇಗೆ ಎಂಬುದನ್ನು ಆಮೇಲೆ ಅವಳೇ ನಿರ್ಧರಿಸಲಿ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು ಹತ್ತು ದಿನಗಳ ವ್ರತವೇ ಸಾಧ್ಯವಾಗಬಹುದು. ಈ ವರ್ಷ ಏಕಾಶನವೇ ಸಾಕಾಗಬಹುದು. ಎರಡರಲ್ಲಿ ಯಾವುದಾದರೂ ಅದು ಅವಳು ತಿಳಿದು ಕೈಕೊಂಡ ನಿಯಮವಾಗಿರುತ್ತದೆ.

ಇಂಥ ಕಾಗದಗಳು ಯಾವ ಯಾವ ಮನೆಗಳ ಪೆಟ್ಟಿಗೆಗಳಲ್ಲಿವೆಯೋ ಆ ಮನೆಯವರೇ ಬಲ್ಲರು. ಕಳೆದುಹೋಗಿದ್ದರೆ ಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನು ಕೇಳಿ ಚಿಕಿತ್ಸೆಯ ಸಾರಾಂಶವನ್ನು ಬರೆಸಿಕೊಳ್ಳಲು ಪ್ರಯತ್ನಿಸಬೇಕು. ಒಂದು ಪ್ರತಿ ಗುಣಹೊಂದಿದವರ ಕೈಯಲ್ಲಿ, ಒಂದು ಊರಿನ ವೈದ್ಯರಲ್ಲಿ, ಒಂದು ಮನೆಯಲ್ಲಿ ಇರಲಿ. ದಶಲಕ್ಷಣ ಮುಗಿದ ಬೆಳಿಗ್ಗೆ ಹೆಸರುಬೇಳೆಯ ಕಟ್ಟನ್ನು ಹದವಾಗಿ ಆರಿಸಿ, ಒಂದೊಂದೇ ಚಮಚ ಕುಡಿಸುವ ಕೈಗಳಿಗೆ ಈ ಕೆಲಸ ಹೊಸದೇನೂ ಅಲ್ಲ.